ಎಷ್ಟು ಚಮಚ?

"ಕಳ್ಳಕಾಕರನ್ನಷ್ಟೇ ಹಿಡೀತಿದಾರೆ ಕಣೆ, ಟಿವಿ ನೋಡು!"

"ನಿನ್ನ ಟಿವಿ ಒದರೋದೆಲ್ಲ ಸುಳ್ಳು ಕಣೋ! ಒಫೀಲಿಯಾ ಏನು ಕದ್ದಿದ್ಲು? ನೀನು ವೋಟು ಹಾಕಿದ ಅಧ್ಯಕ್ಷನ್ನೇ ಕೇಳು!"

ಅಮೆರಿಕದ ಒಹಾಯೊದ ಆ ಮನೆಯಲ್ಲಿ, ಲಕ್ವ ಹೊಡೆದ ಅಪ್ಪನ ಮಂಚದ ಅಕ್ಕಪಕ್ಕ ನಿಂತು ಕರ್ಟಿಸ್ ಮತ್ತು ತಂಗಿ ಜನೀನ್ ಕಿತ್ತಾಡುತ್ತಿದ್ದರು. ಆರು ವರ್ಷದಿಂದ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಹೊಂಡುರಾಸ್ ದೇಶದ ಒಫೀಲಿಯಾಳನ್ನು ವಲಸೆ ಅಧಿಕಾರಿಗಳು ಬೆಳಿಗ್ಗೆ ಬಸ್ ನಿಲ್ದಾಣದಿಂದಲೇ ಹಿಡಿದೊಯ್ದಿದ್ದರು.

ಬಾಯಾರಿದ ಅಪ್ಪ ಬಾಯಿ ತೆರೆದ. ಜನೀನ್ ಜಗಳ ನಿಲ್ಲಿಸದೆಯೇ ಲೋಟ ಹಿಡಿದಳು. ಬರೀ ನೀರು ನೆತ್ತಿಗೇರಿ ಅವನ ಮುಖ ನೀಲಿಗಟ್ಟಿತು. ಕರ್ಟಿಸ್ ಎತ್ತಿ ಕೂರಿಸಿ ಬೆನ್ನು ಗುದ್ದಿದ ಮೇಲೆ ಉಸಿರು ಮರಳಿತು.

ನೆತ್ತಿಗೇರದಿರಲೆಂದು ನೀರನ್ನು ಗಂಜಿಯಂತೆ ಗಟ್ಟಿ ಮಾಡಲು ಒಫೀಲಿಯಾ ಬೆರೆಸುತ್ತಿದ್ದ ಪುಡಿ, ಹಳೇ ಜಾಮಿನ ಬಾಟಲಿಯಲ್ಲಿ, ಪಕ್ಕದಲ್ಲೇ ಇತ್ತು.

"ಎಷ್ಟು ಚಮಚ ಹಾಕ್ತಿದ್ಲೇ?"

"ನಂಗೇನು ಗೊತ್ತು?"

ಜನೀನ್ ಮತ್ತೆ ಲೋಟ ತಂದಳು. ಅಪ್ಪ ತುಟಿ ಬಿಗಿದುಕೊಂಡು, ಒಫೀಲಿಯಾ ದಿನಾ ಬರುತ್ತಿದ್ದ ಬಾಗಿಲ ಕಡೆ ತಿರುಗಿದ.