ಗಂಗಳದ ಬೆನ್ನು

ಗುಂಡ್ಲುಪೇಟೆಯ ಹೊಸ ಹೋಟೆಲೊಂದರಲ್ಲಿ ಈಗ ಕೈಯಲ್ಲಿ ಬಡಿದು ಮಾಡಿದ ಹಿತ್ತಾಳೆ ತಟ್ಟೆಯಲ್ಲಿ ಊಟ ಕೊಡುತ್ತಾರೆ. ಅಂದಕ್ಕೆಂದು ಉಳಿಸಿದ ಸುತ್ತಿಗೆಯ ಗುಳಿಗಳು ಬೆರಳಿಗೆ ತಗುಲಿದರೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ಚಿಕ್ಕವಳಿದ್ದಾಗ ಹಂಗಳದ ನಮ್ಮ ಮನೆಯಲ್ಲಿ ಅಪ್ಪನ ತಂಗಿಯ ಮದುವೆಗೆ ಪಾತ್ರೆ ಹೊಂದಿಸುತ್ತಿದ್ದರು. ಅವ್ವ ತವರಿನಿಂದ ತಂದಿದ್ದ, ಉಣ್ಣುವ ಹಿತ್ತಾಳೆ ಗಂಗಳದ ಮೇಲೆ ಅಜ್ಜಿಯ ಕಣ್ಣು ಬಿದ್ದಿತ್ತು. ಅದರ ಬೆನ್ನಿಗೆ ಚುಕ್ಕಿ ಚುಕ್ಕಿಯಾಗಿ ಅವ್ವನ ಹೆಸರು ಕೊರೆದಿತ್ತು. ಅದನ್ನು ಬಡಿದು ಅಳಿಸಿ ಮದುಮಗಳ ಹೆಸರು ಹಾಕಲು ಪಾತ್ರೆ ಕೆಲಸದವನು ಜಗಲಿಯಲ್ಲಿ ಕೂತಿದ್ದ. ಅವ್ವ ಬೆಳಿಗ್ಗೆಯೇ ಅದನ್ನು ರಾಗಿ ಡ್ರಮ್ಮಿನಲ್ಲಿ ಹೂತಿಟ್ಟದ್ದನ್ನು ನಾನು ನೋಡಿದ್ದೆ. ಈಗ ಬೇರೊಂದು ಗಂಗಳ ತಂದು, "ಇದೇಯ, ತಕ್ಕಳಿ" ಎಂದಳು.

ಅಜ್ಜಿಗೆ ಓದು ಬರದು. "ಸ್ಕೂಲಿಗೆ ಓಯ್ತಿಯಲ್ಲ, ಓದಮ್ಮಿ ನೋಡನ" ಎಂದು ನನ್ನ ಕಡೆ ಹಿಡಿದಳು.

ಆ ವರ್ಷವಷ್ಟೇ ನಾನು ಕೂಡಿಸಿ ಓದಲು ಕಲಿತಿದ್ದೆ. "ಇದ್ರಲ್ಲಿ ತಾತನ ಹೆಸ್ರದೆ. ಅವ್ವಂದು ರಾಗಿ ಡ್ರಮ್ಮಲ್ಲದೆ ಕಣಜ್ಜಿ!"

"ಜಾಣೆ ಕಣಮ್ಮಿ! ನಿಮ್ಮವ್ವಂಗಿಂತ ನೀನೇ ವಾಸಿ ಬುಡು" ಎಂದು ಅಜ್ಜಿ ನನ್ನ ಬಾಯಿಗೆ ಬೆಲ್ಲ ಇಟ್ಟಳು.

ಅವ್ವ ಅತ್ತಳು ಎಂದು ಬರೆದರೆ ನೆನಪು ನೀಟಾಗಿ ಕೂರುತ್ತದೆ. ಅವಳು ಅಳಲಿಲ್ಲ. ಸುತ್ತಿಗೆಯ ಸದ್ದು ನಿಂತ ಮೇಲೆ, ಹೊಸ ಹೆಸರು ಬೀಳುವ ಮುಂಚೆ, ಹೆಸರು ಅಳಿದ ತನ್ನ ಗಂಗಳವನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಬೋರಲು ಹಾಕಿದಳು. ಬಡಿತಕ್ಕೆ ಅದಿನ್ನೂ ಬೆಚ್ಚಗಿತ್ತು. ನನ್ನ ಬೆರಳನ್ನು ಹಿಡಿದು ಗುಳಿಗಳ ಮೇಲೆ ಒತ್ತಿ, "ಈಗ ಓದಮ್ಮಿ" ಎಂದಳು.

ಬೆಲ್ಲ ಇನ್ನೂ ಬಾಯಲ್ಲಿ ಕರಗುತ್ತಿತ್ತು.