ಅದು ಬೈಗಳ ಅಲ್ಲ

"‘ಮಂಗ್ಯಾನ ಮಾರಿಯ ಸಿದ್ದಿ’ ಅಂದದ್ದನ್ನ ದೂರಿನಾಗ ಬರೀಬ್ಯಾಡ್ರಿ, ಜಮಾದಾರ್ರ. ಅದೇನ ಬೈಗಳ ಅಲ್ಲ," ಎಂದ ಪಂಚಾಯಿತಿ ಚೇರ್ಮನ್ ನಾಗಲಿಂಗಪ್ಪ. ಸಾಕ್ಷಿಯ ಸಹಿ ಹಾಕಲು ಚೇರ್ಮನ್ನರದೇ ಪೆನ್ನು ಹಿಡಿದಿದ್ದ ಇನಾಸನ ಕೈ ಠಾಣೆಯ ಮೇಜಿನ ಮೇಲೆ ಹಾಗೇ ನಿಂತಿತು.

ಅರವತ್ತೆರಡರ ಚುನಾವಣೆ. ಹಳಿಯಾಳದ ಸಂತೆಯಲ್ಲಿ ಎದುರು ಪಾರ್ಟಿಯವನು ಭಾಷಣದಲ್ಲಿ ಬೈದದ್ದು ಇಬ್ಬರಿಗೂ. ನಾಗಲಿಂಗಪ್ಪನನ್ನು ಕಳ್ಳ ಎಂದಾಗ ನುಗ್ಗಿ ಹೋಗಿ ಬೈದವನ ಅಂಗಿ ಹಿಡಿದವನು ಇನಾಸ, ಪಂಚಾಯಿತಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಒಬ್ಬನೇ ಮೆಂಬರ. ತನ್ನನ್ನು ಬೈದಾಗ ಚೇರ್ಮನ್ನರು ಏಳುತ್ತಾರೆಂದು ಕಾದಿದ್ದ. ಹೆಬ್ಬೆಟ್ಟು ಒತ್ತುತ್ತಿದ್ದವನ ಬೆರಳು ಹಿಡಿದು ಸಹಿ ಕಲಿಸಿದವರಲ್ಲವೇ ಅವರು!

"ಎರಡೂ ಒಂದ ಬಾಯಾಗ ಬಂದ ಮಾತಲ್ರೀ?" ಜಮಾದಾರ ಕೇಳಿದ.

"ಕಳ್ಳ ಅಂದದ್ದು ಸುಳ್ಳು, ಅದಕ್ಕ ಅದು ಬೈಗಳ. ಇದು..." ನಾಗಲಿಂಗಪ್ಪ ಇನಾಸನ ಮುಖ ನೋಡಿ ನಕ್ಕ. "ನೀವ ನೋಡ್ರಲ್ಲ. ಏ ಇನಾಸ, ಸಹಿ ಹಾಕೋ."

ಇನಾಸ ಪೆನ್ನಿನ ಟೊಪ್ಪಿಗೆ ತಿರುವಿ ಮುಚ್ಚಿ, ಅದನ್ನು ನಾಗಲಿಂಗಪ್ಪನ ಮುಂದಿಟ್ಟ.

"ಕಳ್ಳ ಅಂದದ್ದು ಸುಳ್ಳಂತ ನನಗೇನ ಗೊತ್ರೀ, ಸಾವಕಾರ್ರ? ನೀವು ಹೇಳಿದ್ರಿ, ನಾ ನಂಬಿದ್ದೆ."