ಅಕ್ಕನ ಬಾಟಲಿ, ತಮ್ಮನ ಬಾಟಲಿ

ಸತ್ತ ಎಮ್ಮೆ ಬಾವಿಯಕ್ಕನ ಬಾವಿ ನೀರು ಕುಡಿದು ಎದ್ದು ಕೂತಿತ್ತು. ಸರಿ, ಅರ್ಧ ಸುಳ್ಳು. ಎಮ್ಮೆ ಪೂರ್ತಿ ಸತ್ತಿರ್ಲಿಲ್ಲ. ಆದ್ರೆ ಎದ್ದಿದ್ದಂತೂ ನಿಜ.

ಅಂಥ ಬಾವಿ ಕಟ್ಟೆ ಮೇಲೆ ಇವತ್ತು ಕೆಂಪು ಬಣ್ಣದಲ್ಲಿ ದೊಡ್ಡ ಇಂಟು ಗುರುತು ಬೀಳ್ತಾ ಇತ್ತು. ಬಳೀತಿದ್ದೋನು ಹೊರಗಿನೋನಲ್ಲ. ಅವಳ ಬೆನ್ನಿಗೆ ಬಿದ್ದ ತಮ್ಮ. ಊರ ನೀರಿನ ಟ್ಯಾಂಕು ನೋಡ್ಕೊಳ್ಳೋನು.

"ನಿಧಾನ ಕಣೋ," ಅಂದ್ಲು ಅಕ್ಕ. "ನಿನ್ನ ಮೂಗು ಒರೆಸಿದ ಕೈಯಲ್ಲೇ ಈ ಕಟ್ಟೆ ಸಾರಿಸ್ತಿದ್ದೆ. ಬಣ್ಣ ಆಚೀಚೆ ಆದೀತು."

ತಮ್ಮ ತಲೆ ಎತ್ಲಿಲ್ಲ. "ನಾನೇನು ಮಾಡ್ಲಿ ಅಕ್ಕ? ಪಂಚಾಯ್ತಿ ಅಧ್ಯಕ್ಷರು ಹೇಳಿದ್ರು."

"ಅಧ್ಯಕ್ಷರು ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ? ಬೀಳೋದಾದ್ರೆ ಇದಕ್ಕೇ ಬೀಳು. ತಣ್ಣಗಿರುತ್ತೆ."

ಆಗಿದ್ದಿಷ್ಟು. ಊರಲ್ಲಿ ಮಕ್ಕಳಿಗೆ ವಾಂತಿ ಭೇದಿ ಶುರುವಾಯ್ತು. ಕುಡಿಯೋಕಿದ್ದಿದ್ದು ಎರಡೇ ನೀರು. ಅಕ್ಕನ ಬಾವಿ, ತಮ್ಮನ ಟ್ಯಾಂಕು. ಅರ್ಧ ಊರು ಇಲ್ಲಿ, ಅರ್ಧ ಊರು ಅಲ್ಲಿ. ನರ್ಸಮ್ಮ ಎರಡು ಬಾಟಲಿ ತಂದು ಅಕ್ಕನಿಗೊಂದು, ತಮ್ಮನಿಗೊಂದು ಕೊಟ್ಲು.

"ಬಾಟಲಿ ತೊಳೀಬೇಡಿ. ಮುಚ್ಚಳದೊಳಗೆ ಬೆರಳಿಡಬೇಡಿ. ಬೆಳಿಗ್ಗೆ ಹೊಸ ನೀರು ತುಂಬಿಸಿಡಿ, ಏಳು ಗಂಟೆ ಬಸ್ಸಿಗೆ ಪರೀಕ್ಷೆಗೆ ಕಳಿಸ್ತೀನಿ."

ಯಾವುದು ಕೆಟ್ಟ ನೀರು ಅಂತ ಬರುತ್ತೋ ಅದನ್ನ ಮುಚ್ಚೋದು ಅಂತ ಸಭೇಲಿ ತೀರ್ಮಾನ ಆಗಿತ್ತು. ನಿಜ ಹೇಳ್ಬೇಕಂದ್ರೆ ನರ್ಸಮ್ಮನೇ ನಿಂತು ತುಂಬಿಸ್ಬೇಕಿತ್ತು. ಹನ್ನೊಂದು ಊರಿಗೆ ಒಬ್ಳೇ ನರ್ಸಮ್ಮ, ಅವಳಿಗಿರೋದು ಎರಡೇ ಕಾಲು. ಅಕ್ಕ ತಮ್ಮ ಇಬ್ರೂ ಮರ್ಯಾದಸ್ಥರು ಬೇರೆ. ಬಿಟ್ಲು.

ಮಾರನೇ ದಿನ ನರ್ಸಮ್ಮ ಬಾಟಲಿ ಇಸ್ಕೊಳ್ಳೋಕೆ ಬಂದಾಗ ಬಾವಿ ಹಗ್ಗ ತೊಟ್ಟಿಕ್ತಾ ಇತ್ತು.

"ಆಗ್ಲೇ ಸೇದಿಬಿಟ್ರಾ ಅಮ್ಮ?"

ಅಕ್ಕ ಹಗ್ಗದ ಕಡೆ ನೋಡಿದ್ಲು. ಬಾಟಲಿ ತೆಗೆದು ಅವಳ ಕೈಗಿಟ್ಲು. ಆಮೇಲೆ "ಹೂಂ" ಅಂದ್ಲು.

ಆರು ದಿನಕ್ಕೆ ಕಾಗದ ಬಂತು. ಟ್ಯಾಂಕಿನ ನೀರು ಪಾಸು. ಬಾವಿ ನೀರು ಫೇಲು. ಕೊಳಚೆ ಸೇರಿದೆ, ಬಾಯಿಗೆ ಹಾಕ್ಬಾರ್ದು.

ನಲವತ್ತು ವರ್ಷ ಸೇದಿದ ಹೆಂಗಸರು ನಿಂತ ನಿಲುವಲ್ಲೇ ಮುಖ ತಿರುಗಿಸಿದ್ರು. ಪಕ್ಕದ ಮನೆಯೋಳ ಐದು ಹೆರಿಗೆಗೂ ಬಿಸಿನೀರು ಕಾದಿದ್ದು ಈ ಬಾವೀದೇ. ಅವಳೂ, "ನಂಗೆ ಮೊದ್ಲಿಂದ ಏನೋ ಒಂಥರಾ ವಾಸನೆ ಬರ್ತಿತ್ತಪ್ಪ" ಅಂದ್ಲು. ಸ್ವಂತ ಸೊಸೆ ಸದ್ದಿಲ್ಲದೆ ಕೊಡ ಎತ್ಕೊಂಡು ನಲ್ಲಿಗೆ ನಡೆದ್ಲು.

ಅಕ್ಕ ಬೀದೀಲಿ ನಿಂತು ಕೂಗಿದ್ಲು. "ನನ್ನ ತಮ್ಮ ಮೋಸ ಮಾಡಿದಾನೆ! ಅವನ ಬಾಟಲೀಲಿದ್ದಿದ್ದು ಟ್ಯಾಂಕಿನ ನೀರಲ್ಲ!"

"ನಿಂಗೆ ಹೇಗೆ ಗೊತ್ತು?" ಅಂದ್ರು ಅಧ್ಯಕ್ಷರು.

ಬಾವಿಯಕ್ಕ ಅಂದ್ರೆ ಒಂದು ಮಾತಿಗೆ ಹತ್ತು ಮಾತು. ಆವತ್ತು ಸೆರಗು ಸರಿಮಾಡ್ಕೊಂಡು ಮನೆ ಕಡೆ ತಿರುಗಿದ್ಲು.

ನರ್ಸಮ್ಮ ಕೈ ಹಿಡ್ಕೊಂಡ್ಲು. "ಇನ್ನೊಂದ್ಸಲ ಕಳಿಸೋಣ ಅಮ್ಮ. ಈ ಸಲ ನಾನೇ ಸೇದ್ತೀನಿ."

"ಬೇಡ. ಒಂದ್ಸಲ ಮಾನ ಹೋದದ್ದು ಸಾಕು."

ಸೊಸೆ ನಲ್ಲಿ ನೀರು ತಂದ್ಲು. ಅಕ್ಕ ಕರಿಬೇವಿನ ಬುಡಕ್ಕೆ ಸುರಿದ್ಲು. ಮತ್ತೆ ತಂದ್ಲು. ಮತ್ತೆ ಸುರಿದ್ಲು.

"ಅತ್ತೆ, ನಿಮ್ಮ ಜಂಬಕ್ಕೆ ನಾವೆಲ್ಲ ಬಾಯಾರಿ ಸಾಯ್ಬೇಕಾ?"

"ಕುದಿಸಿ ಕೊಡೇ ಮಗೂಗೆ. ಅಷ್ಟಾದ್ರೂ ಮಾಡೇ," ಅಂತ ಅಕ್ಕ ಬೇಡ್ಕೊಂಡ್ಲು. ಸೊಸೆ ನಕ್ಕು, ಕುದಿಸದೇನೇ ಲೋಟಕ್ಕೆ ಬಗ್ಗಿಸಿದ್ಲು. ಸೋತೋರ ಮಾತು ಯಾರಿಗೆ ಬೇಕು?

ಬಾವಿಗೆ ಇಂಟು ಬಿದ್ದ ನಾಲ್ಕನೇ ದಿನ ಮೊಮ್ಮಗಳು ಕಾಯಿಲೆ ಬಿದ್ದು ಮಲಗಿದ್ಲು. ಬೆಳಗ್ಗಿಂದ ಎಂಟು ಸಲ ಭೇದಿ. ಕಣ್ಣು ಗುಳಿ ಬಿದ್ದು ಅಂಗೈಯಷ್ಟು ಮುಖ ಅರ್ಧ ಆಗಿತ್ತು. ನರ್ಸಮ್ಮನ ಕೈಗೆ ಮಗೂನ ಒಪ್ಪಿಸಿ ಅಕ್ಕ ನೇರ ಟ್ಯಾಂಕಿನ ಬುಡಕ್ಕೆ ನಡೆದ್ಲು. ತಮ್ಮ ಮೊಣಕಾಲು ಹಿಡ್ಕೊಂಡು ಕೂತಿದ್ದ.

"ಮಗು ಹೋಗ್ತದೆ ಕಣೋ. ಈಗಾದ್ರೂ ಬಾಯಿ ಬಿಡು."

ಅವನು ಅವಳ ಕಾಲಿಗೆ ಬಿದ್ದ.

"ಮೂವತ್ತೆರಡು ಮೆಟ್ಲು ಅಕ್ಕ. ಈ ಮಂಡಿ ಇಟ್ಕೊಂಡು ಹತ್ತೋಕಾಗ್ಲಿಲ್ಲ. ಎರಡು ತಿಂಗಳಾಯ್ತು ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ. ಚೀಲದಲ್ಲೇ ಕಲ್ಲಾಗಿ ಕೂತಿದೆ. ಪರೀಕ್ಷೆ ಅಂದ್ರಲ್ಲ, ಹೆದರ್ಕೊಂಡೆ. ಬೆಳಿಗ್ಗೆ ನಿನ್ನ ಬಾವೀಲಿ ಸೇದಿ ನನ್ನ ಬಾಟಲಿ ತುಂಬಿಸ್ಕೊಂಡೆ. ನೀನು ಮನೇಲಿರ್ಲಿಲ್ಲ."

ಅಕ್ಕನ ಕೈ ಮೇಲೆದ್ದಿತ್ತು. ಬೀಳ್ಲಿಲ್ಲ.

"ನಿನ್ನ ನೀರು ಯಾವ ಪರೀಕ್ಷೇಲೂ ಫೇಲಾಗಲ್ಲ ಅಂತ ಗೊತ್ತಿತ್ತು. ಈ ಊರಲ್ಲಿ ಅದನ್ನ ನನ್ನಷ್ಟು ನಂಬಿದೋರು ಬೇರೆ ಯಾರಿದಾರೆ ಅಕ್ಕ?"

ಅವನು ಕಣ್ಣೊರೆಸ್ಕೊಂಡು ಎದ್ದ. "ನಡಿ. ಈಗ್ಲೇ ಟ್ಯಾಂಕು ನಿಲ್ಲಿಸ್ತೀನಿ. ಎಲ್ಲಾರೆದ್ರಿಗೆ ಒಪ್ಕೋತೀನಿ, ಉಗೀಲಿ. ಆದ್ರೆ ಆಮೇಲೆ ಊರು ಕುಡಿಯೋದು ಏನು? ನಿನ್ನ ಬಾವಿ ಮತ್ತೆ ತೆಗೀಬೇಕಂದ್ರೆ ಅಧ್ಯಕ್ಷರು ಒಂದು ಮಾತು ಕೇಳೇ ಕೇಳ್ತಾರೆ. ನಂಗೂ ತಿಳೀತಿಲ್ಲ. ಒಂದೇ ಬಾವಿ ನೀರು, ಎರಡು ಬಾಟಲಿ. ನಂದು ಪಾಸಾದ್ಮೇಲೆ ನಿಂದು ಫೇಲಾಗಿದ್ದು ಹೇಗಕ್ಕ?"

ಹೇಗೆ ಅಂದ್ರೆ, ಆವತ್ತು ಕತ್ಲೆ ಹರಿಯೋ ಮೊದ್ಲೇ ಅಕ್ಕ ಸೆರಗಿನಡಿ ಬಾಟಲಿ ಮುಚ್ಕೊಂಡು, ಪುಡಿ ಬಿದ್ದ ನೀರೇ ಪರೀಕ್ಷೇಲಿ ಗಟ್ಟಿ ಅಂತ ನಂಬಿ, ಇದೇ ತಮ್ಮನ ಟ್ಯಾಂಕಿನ ನಲ್ಲಿ ತಿರುಗಿಸಿ ತುಂಬಿಸ್ಕೊಂಡಿದ್ಲು. ಈಗ ಹೇಳಿ ನೋಡೋಣ, ಅಧ್ಯಕ್ಷರ ಮುಂದೆ ಅವಳು ಬಾಯಿ ಬಿಟ್ಲೋ, ಇಲ್ವೋ?